ಮೇಲಿನ ರೂಮಿನ ಸಣ್ಣ ರೈಲು

ನಮ್ಮನೆಗೆ ಬಂದೋರು ಕಾಫಿ ಕುಡಿದು, ಮೆಟ್ಲು ಹತ್ತಿ ಮೇಲಿನ ರೂಮು ನೋಡಿದ್ಮೇಲೆ ಕೇಳೋದು ಒಂದೇ ಮಾತು. "ಇಷ್ಟು ಗಾಳಿ ಬೆಳಕು ಇರೋ ರೂಮನ್ನ ಆಟದ ರೈಲಿಗೆ ಕೊಟ್ಟಿದ್ದೀರಲ್ಲ, ಇದನ್ನ ಎತ್ತಿಬಿಟ್ರೆ ಹುಡುಗ್ರಿಗೆ ಓದ್ಕೊಳ್ಳೋಕಾದ್ರೂ ಆಗಲ್ವಾ?" ನಾದಿನಿ ಕೇಳಿದ್ಲು, ಪಕ್ಕದ್ಮನೆ ಅಕ್ಕ ಕೇಳಿದ್ರು, ನನ್ನ ತವರಿನೋರೂ ಕೇಳಿದ್ರು. ಕೇಳೋದ್ರಲ್ಲಿ ತಪ್ಪೇನಿಲ್ಲ. ಮಾವನೋರು ತೀರಿಕೊಂಡು ಎರಡು ವರ್ಷ ಆಯ್ತು. ಕಟ್ಟಿದೋರೇ ಇಲ್ಲ ಅಂದ್ಮೇಲೆ ರೈಲು ಯಾಕೆ ಅನ್ನೋದು ನ್ಯಾಯವಾದ ಪ್ರಶ್ನೆನೇ. ಒಬ್ಬೊಬ್ರಿಗೂ ಬಾಯಲ್ಲಿ ಹೇಳೋ ಬದ್ಲು ಇಲ್ಲಿ ಒಟ್ಟಿಗೆ ಬರೆದುಬಿಡ್ತೀನಿ. ಆ ಹಲಗೆ ಮೇಲಿರೋದು ಯಾವ ರೈಲು, ಅಂಥ ಪುಟ್ಟ ರೈಲು ಮನೆಯೊಳಗೆ ಹೆಂಗೆ ಬಂತು, ಅದನ್ನ ಓಡೋ ಸ್ಥಿತೀಲಿ ಇಡೋಕೆ ಏನೇನು ಮಾಡ್ಬೇಕು, ಎಲ್ಲಾನೂ. ಓದಿ ಆದ್ಮೇಲೆ ಎತ್ತಬೇಕೋ ಬ್ಯಾಡವೋ ನೀವೇ ಹೇಳಿ.

ಮೊದಲು ನಮ್ಮೂರಿನ ವಿಷ್ಯ. ವಕ್ಕಲೇರಿ ಹೆಸರು ಚರಿತ್ರೆ ಪುಸ್ತಕದಲ್ಲಿ ಐತೆ, ರೈಲ್ವೆ ಟೈಂಟೇಬಲ್ಲಲ್ಲಿ ಇಲ್ಲ. ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮ 757ರಲ್ಲಿ ಕೊಟ್ಟ ದಾನದ ತಾಮ್ರಶಾಸನ ನಮ್ಮೂರ ಹೆಸರಲ್ಲೇ ಪ್ರಸಿದ್ಧಿ, ವಕ್ಕಲೇರಿ ತಾಮ್ರಪಟ ಅಂತಾರೆ. ಮಾರ್ಕಂಡೇಶ್ವರನ ಬೆಟ್ಟ ಎಲ್ರಿಗೂ ಗೊತ್ತು. ಆದ್ರೆ ರೈಲು ಹತ್ತಬೇಕು ಅಂದ್ರೆ ಒಂದು ಕಡೆ ಮಾಲೂರಿಗೆ ಹೋಗ್ಬೇಕು, ಇಲ್ಲಾ ಇನ್ನೊಂದು ಕಡೆ ಕೋಲಾರಕ್ಕೆ ಹೋಗ್ಬೇಕು. ಆ ಎರಡೂ ರೈಲು ಮುಂಚೆ ಒಂದೇ ಥರದ್ದಾಗಿರಲಿಲ್ಲ. ಮಾಲೂರಿಂದು ದೊಡ್ಡ ರೈಲು. ಕೋಲಾರದ್ದು ಸಣ್ಣ ರೈಲಾಗಿತ್ತು. ನಮ್ಮನೆ ಮೇಲಿನ ರೂಮಲ್ಲಿ ಓಡ್ತಿರೋದು ಆ ಸಣ್ಣ ರೈಲು.

ದೊಡ್ಡ ರೈಲು ಬಂದಿದ್ದು 1864ರಲ್ಲಿ. ಮದ್ರಾಸ್ ರೈಲ್ವೆಯೋರು ಜೋಲಾರಪೇಟೆಯಿಂದ ಬೆಂಗಳೂರು ದಂಡಿನ ತನಕ ಹಾಕಿದ ದಾರಿ ಅದು. ಬಂಗಾರಪೇಟೆ, ಟೇಕಲ್, ಮಾಲೂರು ಎಲ್ಲಾ ಅದರ ಮೇಲೆ ಬರ್ತಾವೆ. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು, ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್ ಹೆಸರಿಂದ ಬಂದಿದ್ದು. ಆಮೇಲೆ ಚಿನ್ನದ ಗಣಿ ಕೆಲಸ ಜೋರಾಯ್ತು. ಗಣಿಗೆ ಯಂತ್ರ ಬೇಕು, ಸೌದೆ ಕಲ್ಲಿದ್ದಲು ಬೇಕು, ಜನ ಬೇಕು. 1894ರಲ್ಲಿ ಬಂಗಾರಪೇಟೆಯಿಂದ ಕೆಜಿಎಫ್ ಕಡೆಗೆ ಒಂದು ಕವಲು ದಾರಿ ಬಿತ್ತು, ಅದೂ ದೊಡ್ಡ ಗೇಜೇ. ಇವತ್ತಿಗೂ ಮಾರಿಕುಪ್ಪಂ ಗಾಡಿ ಅಂತ ಜನ ಹತ್ತೋದು ಆ ದಾರೀಲೇ.

ಇಲ್ಲಿ ಒಂದು ಮಾತು ಗಮನ ಇಡ್ರಮ್ಮ. ಚಿನ್ನಕ್ಕೆ ದೊಡ್ಡ ರೈಲು 1894ರಲ್ಲೇ ಬಂತು. ಜಿಲ್ಲಾ ಕೇಂದ್ರವಾದ ಕೋಲಾರಕ್ಕೆ ರೈಲು ಬಂದಿದ್ದು 1913ರಲ್ಲಿ, ಅದೂ ಸಣ್ಣದು. ಬಂಗಾರಪೇಟೆಯಿಂದ ಕೋಲಾರಕ್ಕೆ ಸುಮಾರು 18 ಕಿಲೋಮೀಟರ್. ಆ ಕಡೆ ಯಲಹಂಕ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆಯಿಂದ 1915ರಲ್ಲಿ ಇನ್ನೊಂದು ಸಣ್ಣ ರೈಲು ಶುರುವಾಯ್ತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ ಅದು, ಸಂಸ್ಥಾನದಲ್ಲಿ ಎಲ್ಲಿ ನೋಡಿದ್ರೂ ಹೊಸ ರೈಲು ದಾರಿ ಬೀಳ್ತಿದ್ವು. ಆಮೇಲೆ ಕೆಲವೇ ವರ್ಷದಲ್ಲಿ ಎರಡೂ ಕಡೆಯ ಹಳಿ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟದ ಮೇಲೆ ಹಾದು ಒಂದಾದ್ವು. ಬಂಗಾರಪೇಟೆಯಲ್ಲಿ ಹತ್ತಿದ್ರೆ ಕೋಲಾರ, ದಳಸನೂರು, ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ನಂದಿ ಹಾಲ್ಟ್, ದೇವನಹಳ್ಳಿ, ದೊಡ್ಡಜಾಲ ಅಂತ ಸುತ್ತಾಡ್ಕೊಂಡು ಯಲಹಂಕಕ್ಕೆ ಇಳೀಬಹುದಿತ್ತು.

ಸಣ್ಣ ರೈಲು ಅಂದ್ರೆ ಎಷ್ಟು ಸಣ್ಣದು? ಎರಡು ಹಳಿ ನಡುವೆ ಎರಡೂವರೆ ಅಡಿ, 762 ಮಿಲಿಮೀಟರ್. ನಮ್ಮ ಅಡುಗೆಮನೆ ಬಾಗಿಲಿನ ಅಗಲ ಅಂದ್ಕೊಳ್ಳಿ. ದೊಡ್ಡ ರೈಲಿನ ಹಳಿ ನಡುವೆ ಐದೂವರೆ ಅಡಿ, 1676 ಮಿಲಿಮೀಟರ್. ಎರಡರ ಮಧ್ಯೆ ಒಂದು ಮೀಟರ್ ಗೇಜೂ ಇತ್ತು, ಯಲಹಂಕದಲ್ಲಿ ಸಣ್ಣ ರೈಲು ಅದಕ್ಕೆ ಸಿಗ್ತಿತ್ತು. ಸಣ್ಣದು ಯಾಕೆ ಹಾಕಿದ್ರು ಅಂದ್ರೆ ಖರ್ಚು ಕಡಿಮೆ. ಹಗುರ ಹಳಿ ಸಾಕು, ಕಿರಿದು ಸೇತುವೆ ಸಾಕು, ಬೆಟ್ಟ ಅಡ್ಡ ಬಂದ್ರೆ ಸುರಂಗ ಕೊರೆಯೋ ಬದ್ಲು ಬಳಸ್ಕೊಂಡು ಹೋಗ್ಬಹುದು. ನಮ್ಮ ಕಡೆ ಗುಡ್ಡ ಬಂಡೆ ಕೆರೆ ಏರಿ ಎಷ್ಟಿದ್ದಾವೆ ಅಂತ ನಿಮಗೇ ಗೊತ್ತು. ಬಡ ಮನೇಲಿ ಸೇರಕ್ಕಿ ಬದ್ಲು ಪಾವಕ್ಕಿ ಬೇಯಿಸಿ ಎಲ್ರಿಗೂ ಒಂದೊಂದು ತುತ್ತು ಹಾಕಿದ ಹಂಗೆ, ದುಡ್ಡು ಕಡಿಮೆ ಇದ್ದ ಸೀಮೆಗೆ ಸಣ್ಣ ಗೇಜು.

ನಮ್ಮತ್ತೆ ತವರು ದಳಸನೂರು ಕಡೆ. ಮದುವೆ ಆದ ಹೊಸದ್ರಲ್ಲಿ ತವರಿಗೆ ಹೋಗೋದು ಅಂದ್ರೆ ಇಲ್ಲಿಂದ ಕೋಲಾರಕ್ಕೆ ಹೋಗಿ ಸಣ್ಣ ರೈಲು ಹತ್ತೋದು. ತಲೆ ಮೇಲೆ ತಂಬಿಟ್ಟಿನ ಡಬ್ಬ, ಕಂಕುಳಲ್ಲಿ ಕೂಸು. ಗೌರಿ ಹಬ್ಬದ ಹಿಂದಿನ ದಿನ ಡಬ್ಬಿ ತುಂಬಾ ಹೆಣ್ಮಕ್ಕಳೇ ಇರ್ತಿದ್ರಂತೆ, ಎಲ್ಲಾ ತವರಿಗೆ ಹೊರಟೋರು. "ಬಸ್ಸಲ್ಲಿ ಆದ್ರೆ ಕಂಡಕ್ಟರು ಗದರ್ತಿದ್ದ, ರೈಲಲ್ಲಿ ಯಾರೂ ಏನೂ ಅಂತಿರಲಿಲ್ಲ, ಕಾಲು ಚಾಚ್ಕೊಂಡು ಮಾತಾಡ್ತಾ ಹೋಗ್ತಿದ್ವಿ" ಅಂತಾರೆ. ಇಳಿದು ಮೂತ್ರಕ್ಕೆ ಹೋಗಿ ಬಂದು ಅದೇ ಗಾಡಿ ಹತ್ತಬಹುದು ಅಂತ ಗಂಡಸ್ರು ತಮಾಷೆ ಮಾಡ್ತಿದ್ರು. ನಿಧಾನ ಅನ್ನೋದು ಅದಕ್ಕೆ ಅಂಟಿದ ಹೆಸರು. ಆದ್ರೆ ಅತ್ತೆ ಹೇಳೋ ಪ್ರಕಾರ ಆ ನಿಧಾನದಲ್ಲೇ ಹೆಂಗಸ್ರಿಗೆ ಸ್ವಲ್ಪ ಪುರುಸೊತ್ತು ಸಿಗ್ತಿತ್ತು. ತವರಿಗೂ ಅತ್ತೆ ಮನೆಗೂ ಮಧ್ಯ ಯಾರ ಮನೇನೂ ಅಲ್ಲದ ಒಂದು ಗಂಟೆ.

ಆ ನಿಧಾನಾನೇ ಕೊನೆಗೆ ಅದಕ್ಕೆ ಮುಳುವಾಯ್ತು. ಬಸ್ಸು ಬಂದ್ವು, ಲಾರಿ ಬಂದ್ವು. ಸಣ್ಣ ರೈಲಿನ ಸಾಮಾನು ದೊಡ್ಡ ರೈಲಿಗೆ ಹಾಕ್ಬೇಕು ಅಂದ್ರೆ ಬಂಗಾರಪೇಟೆಯಲ್ಲಿ ಇಳಿಸಿ ಮತ್ತೆ ಏರಿಸ್ಬೇಕು. ಹಳಿ ಅಳತೆ ಬೇರೆ ಆದ್ಮೇಲೆ ಈ ಡಬ್ಬಿ ಆ ಹಳಿ ಮೇಲೆ ಓಡಲ್ಲವಲ್ಲ. ಎರಡು ಸಲ ಕೂಲಿ, ಎರಡು ದಿನ ತಡ. 1992ರಲ್ಲಿ ಇಡೀ ದೇಶಕ್ಕೆ ಒಂದೇ ಗೇಜು ಮಾಡ್ಬೇಕು ಅಂತ ರೈಲ್ವೆಯೋರು ಯೋಜನೆ ಶುರು ಮಾಡಿದ್ರು. ಆ ದಶಕದಲ್ಲೇ ಬಂಗಾರಪೇಟೆ–ಕೋಲಾರ ದೊಡ್ಡ ಗೇಜಾಯ್ತು. ಕೋಲಾರದಿಂದ ಚಿಕ್ಕಬಳ್ಳಾಪುರದ ತನಕ ಸಣ್ಣ ಹಳಿ ಕಿತ್ತು, ದೊಡ್ಡ ಹಳಿ ಹಾಕಿ, ಗಾಡಿ ಓಡೋ ಹೊತ್ಗೆ 2013 ಬಂತು. ಈಗ ಇರೋ ರೈಲು ಒಳ್ಳೇದೇ, ನಾನು ಬ್ಯಾಡ ಅನ್ನಲ್ಲ. ಆದ್ರೆ ಎರಡೂವರೆ ಅಡಿ ಹಳಿ ನಮ್ಮ ಸೀಮೆಯಿಂದ ಹೋಯ್ತು. ನಂದಿ ಹಾಲ್ಟ್, ದೊಡ್ಡಜಾಲದಂಥ ಕಡೆ ಹಳೇ ಕಟ್ಟಡ ಉಳಿದವೆ. ಕಟ್ಟಡ ಉಳಿಯುತ್ತೆ, ಓಡಾಟ ಉಳಿಯಲ್ಲ.

ಮಾವನೋರು ಮೇಷ್ಟ್ರ ಕೆಲಸದಿಂದ ರಿಟೈರ್ ಆದ ಮೇಲೆ ಮನೆಯೊಳಗೆ ರೈಲು ಕಟ್ತೀನಿ ಅಂತ ಹೊರಟಾಗ ಎಲ್ರೂ ನಕ್ಕಿದ್ದು ನಿಮಗೆ ನೆನಪಿರ್ಬೇಕು. ಮುದುಕ್ರಿಗೆ ಆಟದ ಸಾಮಾನು ಅಂತ. ಅದಕ್ಕೇ ಈ ಆಟದ ರೈಲಿನ ಚರಿತ್ರೇನೂ ಸ್ವಲ್ಪ ಹೇಳ್ತೀನಿ. ಇದು ನಮ್ಮನೇಲಿ ಹುಟ್ಟಿದ ಹುಚ್ಚಲ್ಲ, ನೂರಮೂವತ್ತು ವರ್ಷದ್ದು. ಇನ್ನೊಂದು ವಿಷ್ಯ, ಇದು ಬಂದಿದ್ದು ಹೆಣ್ಮಕ್ಕಳ ಅಡುಗೆ ಆಟದಿಂದ.

ಜರ್ಮನಿಯಲ್ಲಿ ಗೊಪ್ಪಿಂಗನ್ ಅಂತ ಒಂದು ಊರು. ಅಲ್ಲಿ 1859ರಲ್ಲಿ ಮೆರ್ಕ್‌ಲಿನ್ ಅನ್ನೋ ತಗಡಿನ ಕೆಲಸದೋನು ಗೊಂಬೆ ಮನೆಗೆ ಪುಟ್ಟ ಪುಟ್ಟ ಅಡುಗೆ ಸಾಮಾನು ಮಾಡೋಕೆ ಶುರು ಮಾಡ್ದ. ನಮ್ಮ ಹೆಣ್ಮಕ್ಕಳು ಜಾತ್ರೇಲಿ ತರ್ತಾರಲ್ಲ, ಬೆರಳುದ್ದ ಒಲೆ, ಕಡಾಯಿ, ಸೌಟು, ಅಂಥವೇ. ಅವನ ಹೆಂಡತಿ ಕ್ಯಾರೋಲಿನ್ ಊರೂರು ತಿರುಗಿ ಆ ಸಾಮಾನು ಮಾರಿ ಆರ್ಡರ್ ತರ್ತಿದ್ಲು. ಆ ಕಾಲಕ್ಕೆ ಹೆಂಗಸೊಬ್ಳು ವ್ಯಾಪಾರಕ್ಕೆ ಊರೂರು ತಿರುಗೋದು ಅಂದ್ರೆ ಸಣ್ಣ ಮಾತಲ್ಲ. 1866ರಲ್ಲಿ ಗಂಡ ತೀರಿಕೊಂಡ. ಆಯಮ್ಮ ಅಂಗಡಿ ಮುಚ್ಚಲಿಲ್ಲ. ಸಣ್ಣ ಮಕ್ಕಳನ್ನ ಇಟ್ಕೊಂಡು, ಕಷ್ಟವೋ ಸುಖವೋ ನಡೆಸ್ಕೊಂಡು ಹೋದ್ಲು. 1888ರಲ್ಲಿ ಮಕ್ಕಳು ಕೈಗೆ ತಗೊಂಡ್ರು. ಮೂರು ವರ್ಷ ಆದ್ಮೇಲೆ, 1891ರಲ್ಲಿ, ಲೈಪ್‌ಜಿಗ್ ಜಾತ್ರೇಲಿ ಅವ್ರು ಕೀ ಕೊಟ್ರೆ ಓಡೋ ರೈಲನ್ನ ಹಳಿ ಸಮೇತ ತಂದಿಟ್ರು.

ಹೊಸದೇನು ಅಂದ್ರೆ ಹಳಿಗೆ ನಿಗದಿಯಾದ ಅಳತೆ ಇತ್ತು. ಈ ವರ್ಷ ಒಂದು ಇಂಜಿನ್ನು ನಾಲ್ಕು ಹಳಿ ತಗೊಂಡ್ರೆ, ಬರೋ ವರ್ಷ ಎರಡು ಡಬ್ಬಿ ಒಂದು ಸ್ಟೇಷನ್ ತಗೊಂಡು ಅದಕ್ಕೇ ಸೇರಿಸ್ಬಹುದು. ಈ ಉಪಾಯ ಎಲ್ಲಿಂದ ಬಂತು? ಗೊಂಬೆ ಮನೆಯಿಂದ. ಹೆಣ್ಮಗು ಒಂದು ವರ್ಷ ಒಲೆ ಕೊಂಡ್ರೆ ಇನ್ನೊಂದು ವರ್ಷ ಪಾತ್ರೆ ಕೊಳ್ತಾಳೆ, ಮನೆ ಬೆಳೀತಾ ಹೋಗುತ್ತೆ. ನಾವು ದಸರೆ ಗೊಂಬೆ ಕೂರಿಸೋರು ಪಟ್ಟದ ಗೊಂಬೆ ಮೇಲೆ ಇಟ್ಟು, ವರ್ಷಕ್ಕೆ ಒಂದೊಂದು ಗೊಂಬೆ ಸೇರಿಸ್ತಾ ಒಂದು ಮೆಟ್ಟಿಲನ್ನ ಒಂಬತ್ತು ಮಾಡ್ತೀವಲ್ಲ, ಅದೇ ಲೆಕ್ಕ. ಹಂಗಾಗಿ ರೈಲು ಹುಡುಗರ ಆಟ ಅಂತ ಯಾರಾದ್ರೂ ಅಂದ್ರೆ, ಅದರ ಬೇರು ಅಡುಗೆಮನೇಲಿ ಐತೆ ಅಂತ ಧೈರ್ಯವಾಗಿ ಹೇಳಿ.

ನಮ್ಮ ದೇಶಕ್ಕೆ ಈ ಪುಟ್ಟ ರೈಲು ಬಂದಿದ್ದು ಮೊದಲು ಅರಮನೆಗಳಿಗೆ. ಗ್ವಾಲಿಯರಿನ ಸಿಂಧ್ಯಾ ಮಹಾರಾಜರ ಜೈ ವಿಲಾಸ್ ಅರಮನೇಲಿ ಊಟದ ಮೇಜಿನ ಮೇಲೆ ಬೆಳ್ಳಿ ರೈಲು ಐತೆ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡಿನ ಬ್ಯಾಸೆಟ್ ಲೋಕ್ ಕಂಪನಿ ಮಾಡಿಕೊಟ್ಟಿದ್ದು. ಊಟ ಆದ್ಮೇಲೆ ಅತಿಥಿಗಳ ಮುಂದೆ ಮದ್ಯ, ಚುರುಟು ಹೊತ್ಕೊಂಡು ಸುತ್ತುತ್ತೆ, ಬಾಟ್ಲಿ ಎತ್ಕೊಂಡ್ರೆ ನಿಲ್ಲುತ್ತೆ, ಇಟ್ರೆ ಮುಂದಕ್ಕೆ ಹೋಗುತ್ತೆ. ಬಡಿಸೋಕೆ ಅಷ್ಟು ಜನ ಇದ್ದೋರಿಗೆ ರೈಲು ಬೇರೆ! ಆಮೇಲೆ 1920ರಲ್ಲಿ ಇಂಗ್ಲೆಂಡಿನ ಹಾರ್ನ್‌ಬಿ ಕಂಪನಿ ಮಧ್ಯಮ ವರ್ಗದ ಮನೆಗಳಿಗೆ ಕೀ ಕೊಡೋ ರೈಲು ಮಾರೋಕೆ ಶುರು ಮಾಡ್ತು. ಬರ್ತಾ ಬರ್ತಾ ಕೀ ಹೋಗಿ ಕರೆಂಟು ಬಂತು, ರೈಲು ಚಿಕ್ಕದಾಗ್ತಾ ಬಂತು. ಅರಮನೆ ಮೇಜಿನಷ್ಟು ಜಾಗ ಇಲ್ಲದೋರ ಮನೇಲೂ ಹಿಡಿಸೋ ಹಂಗಾಯ್ತು. ಪುಣೆಯಲ್ಲಿ ಜೋಶಿ ಅನ್ನೋರು ಜೀವಮಾನ ಪೂರ್ತಿ ಕೂಡಿಸಿ ಕಟ್ಟಿದ ಪುಟ್ಟ ರೈಲುಗಳ ಮ್ಯೂಸಿಯಂ 1998ರಲ್ಲಿ ಜನರಿಗೆ ತೆರೀತು. ಮಾವನೋರು ಅದನ್ನ ಹೋಗಿ ನೋಡಿ ಬಂದ ಮೇಲೇನೇ ಪ್ಲೈವುಡ್ ತಂದಿದ್ದು. ನಮ್ಮ ಚನ್ನಪಟ್ಟಣದ ಅರಗಿನ ಬಣ್ಣದ ಮರದ ರೈಲೂ ಈ ವಂಶದ್ದೇ, ಆದ್ರೆ ಅದು ದಾರದಲ್ಲಿ ಎಳೆಯೋ ಕೂಸಿನ ರೈಲು.

ಈಗ ಮೇಲಿನ ರೂಮಿಗೆ ಬರೋಣ. ಎಂಟಡಿ ನಾಲ್ಕಡಿ ಪ್ಲೈವುಡ್ ಹಲಗೆ, ಅದರ ಮೇಲೆ ಊರು. ಅಳತೆ 87ಕ್ಕೆ 1. ಅಂದ್ರೆ ನಿಜವಾದ 87 ಅಡಿ ಅಲ್ಲಿ ಒಂದಡಿ. ಐದಡಿ ಹೆಂಗಸು ಒಂದೂಮುಕ್ಕಾಲು ಸೆಂಟಿಮೀಟರ್, ದೊಡ್ಡ ಹುಣಸೆಬೀಜದಷ್ಟು. ಪ್ರಪಂಚದಲ್ಲಿ ತುಂಬಾ ಜನ ಬಳಸೋ ಅಳತೆ ಇದೇ. ಇದರಲ್ಲಿ ಒಂದು ವಿಚಿತ್ರ ಐತೆ. ನಮ್ಮ ದೇಶದ ದೊಡ್ಡ ರೈಲನ್ನ ಈ ಅಳತೇಲಿ ಮಾಡ್ಬೇಕು ಅಂದ್ರೆ ಹಳಿ ನಡುವೆ 19 ಮಿಲಿಮೀಟರಿಗೂ ಸ್ವಲ್ಪ ಜಾಸ್ತಿ ಬೇಕು. ಅಂಗಡೀಲಿ ಸಿಗೋದು ಹದಿನಾರೂವರೆ, ಯಾಕಂದ್ರೆ ಅದು ಯುರೋಪ್ ಅಮೆರಿಕಾದ ಗೇಜಿಗೆ ಮಾಡಿದ್ದು. ಆದ್ರೆ ನಮ್ಮ ಕೋಲಾರದ 762 ಮಿಲಿಮೀಟರನ್ನ 87ರಿಂದ ಭಾಗಿಸಿ ನೋಡಿ, ಎಂಟೂಮುಕ್ಕಾಲು ಬರುತ್ತೆ. ಒಂಬತ್ತು ಮಿಲಿಮೀಟರ್ ಹಳಿ ಎಲ್ಲಾ ಕಡೆ ಸಿಗುತ್ತೆ! ದೇಶಕ್ಕೆಲ್ಲ ದೊಡ್ಡಣ್ಣ ಆದ ಬ್ರಾಡ್‌ಗೇಜಿಗೆ ಸರಿ ಹೊಂದೋ ಹಳಿ ಪೇಟೇಲಿ ಇಲ್ಲ, ಎಲ್ರೂ ಬ್ಯಾಡ ಅಂದ ಸಣ್ಣ ರೈಲಿಗೆ ಐತೆ. ಈ ಲೆಕ್ಕ ಹೇಳೋವಾಗ ಮಾವನೋರ ಮುಖ ನೋಡ್ಬೇಕಿತ್ತು.

ಜಾಗದ ಲೆಕ್ಕ ಮಾತ್ರ ಕಷ್ಟದ್ದು. ಬಂಗಾರಪೇಟೆ–ಕೋಲಾರದ 18 ಕಿಲೋಮೀಟರನ್ನ 87ರಿಂದ ಭಾಗಿಸಿದ್ರೂ 207 ಮೀಟರ್ ಆಗುತ್ತೆ, ನಮ್ಮ ಬೀದಿ ಪೂರ್ತಿ ಬೇಕು. ಹಲಗೆ ಮೇಲೆ ಒಂದು ಸುತ್ತು ಆರು ಮೀಟರ್. ಅದಕ್ಕೆ ಮೂವತ್ತನಾಲ್ಕು ಮೂವತ್ತೈದು ಸುತ್ತು ಹಾಕಿದ್ರೆ ಬಂಗಾರಪೇಟೆಯಿಂದ ಕೋಲಾರ ಬಂದಂಗೆ. ಗಂಟೆಗೆ 20 ಕಿಲೋಮೀಟರ್ ಅಂತ ಹಿಡಿದು ಅದೇ ನಿಧಾನದಲ್ಲಿ ಓಡಿಸಿದ್ರೆ ಒಂದು ಸುತ್ತಿಗೆ ಒಂದೂವರೆ ನಿಮಿಷ, ಒಟ್ಟು 54 ನಿಮಿಷ. ಅತ್ತೆ ಶನಿವಾರ ಸಂಜೆ ಅಲ್ಲೇ ಕುರ್ಚಿ ಹಾಕ್ಕೊಂಡು ಅವರೆಕಾಯಿ ಬಿಡಿಸ್ತಾ ಪೂರ್ತಿ ಪ್ರಯಾಣ ಮಾಡ್ತಾರೆ. ಕಾಯಿ ಬಿಡಿಸಿ ಮುಗಿಯೋದಕ್ಕೂ ಕೋಲಾರ ಬರೋದಕ್ಕೂ ಸರಿ ಹೋಗುತ್ತೆ.

ಇಂಜಿನ್ನು ಸಿದ್ಧವಾಗಿ ಸಿಗಲ್ಲ. ಕೋಲಾರದ ರೈಲು ಯಾವ ದೇಶದ ಅಂಗಡೀಲಿ ಮಾರ್ತಾರೆ ಹೇಳಿ? ಜಪಾನಿನ ಕೇಟೋ ಕಂಪನಿಯ ಮೋಟಾರು ಚಕ್ರ ತರಿಸಿ, ಮೇಲಿನ ಮೈಯನ್ನ ರಟ್ಟು ಪ್ಲಾಸ್ಟಿಕ್ ಹಾಳೇಲಿ ಕೊಯ್ದು ಕಟ್ಟಿದ್ದು. ಡಬ್ಬಿಗಳು ಊದುಬತ್ತಿ ಪ್ಯಾಕಿನ ರಟ್ಟು. ಬಂಡೆಗಳು ಥರ್ಮಾಕೋಲ್ ಮೇಲೆ ಪ್ಲಾಸ್ಟರ್. ಹುಣಸೆಮರ ತೆಂಗಿನ ನಾರಿಂದ, ಮಾವಿನ ತೋಪು ಪಾತ್ರೆ ತಿಕ್ಕೋ ಹಸಿರು ನಾರಿಂದ, ನೆಲ ಒಣಗಿಸಿದ ಚಹಾ ಚರಟ. ರಾಗಿ ಹೊಲಕ್ಕೆ ನಿಜವಾದ ರಾಗಿ ಹಾಕಲಿಲ್ಲ, ಇರುವೆ ಬಂದುಬಿಡುತ್ತೆ. ಅಂಟಿಗೂ ಮೈದಾ ಗಂಜಿ ಬಳಸಿಲ್ಲ, ಫೆವಿಕಾಲೇ.

ಇನ್ನು ನಮ್ಮ ಕೆಲಸಕ್ಕೆ ಬರ್ತೀನಿ. ಇದನ್ನ ಕಟ್ಟೋದು ಒಂದು ಸಲ, ಕಾಪಾಡೋದು ಪ್ರತಿ ವಾರ. ಮೊದಲ ಶತ್ರು ಧೂಳು. ಗೋಡೆಯ 230 ವೋಲ್ಟು ಅಡಾಪ್ಟರಲ್ಲಿ 12 ವೋಲ್ಟಾಗಿ ಹಳಿಗೆ ಬರುತ್ತೆ. ಒಂದು ಹಳೀಲಿ ಹೋಗಿ ಚಕ್ರದ ಮೂಲಕ ಮೋಟಾರು ಹೊಕ್ಕು ಇನ್ನೊಂದು ಹಳೀಲಿ ವಾಪಸ್ ಬರುತ್ತೆ. ಮುಟ್ಟಿದ್ರೆ ಶಾಕ್ ಹೊಡೆಯಲ್ಲ, ಮಕ್ಕಳಿಗೆ ಭಯ ಬ್ಯಾಡ. ಆದ್ರೆ ಚಕ್ರ ಹಳಿ ಒಂದನ್ನೊಂದು ಮುಟ್ಟೋ ಜಾಗ ಸಾಸಿವೆ ಮೊನೆಯಷ್ಟು. ಅಲ್ಲಿ ಒಂದು ಪೊರೆ ಧೂಳು ಎಣ್ಣೆ ಕೂತ್ರೆ ಸಾಕು, ಇಂಜಿನ್ನು ಮುಗ್ಗರಿಸುತ್ತೆ, ದೀಪ ಮಿಣಮಿಣ ಅನ್ನುತ್ತೆ, ನಿಂತೇ ಹೋಗುತ್ತೆ. ಆಷಾಢದ ಗಾಳೀಲಿ ನಮ್ಮೂರ ಧೂಳು ಹೆಂಗೆ ಏಳುತ್ತೆ ಗೊತ್ತಲ್ಲ. ಅದಕ್ಕೆ ಓಡಿಸ್ದೇ ಇದ್ದಾಗ ಇಡೀ ಹಲಗೆ ಮೇಲೆ ಹಳೇ ಸೀರೆ ಹೊದಿಸಿರ್ತೀವಿ.

ಹಳಿ ಯಾವ ಲೋಹದ್ದು ಅಂತ ಕೇಳಿದ್ರೆ ನಿಮಗೆ ಖುಷಿ ಆಗುತ್ತೆ. ನಮ್ಮ ಅರಿಶಿನ ಕುಂಕುಮದ ತಟ್ಟೆಗೆ ಜರ್ಮನ್ ಸಿಲ್ವರ್ ಅಂತೀವಲ್ಲ, ಅದು. ಹೆಸರಲ್ಲಿ ಬೆಳ್ಳಿ, ಒಳಗೆ ಬೆಳ್ಳಿ ಚೂರೂ ಇಲ್ಲ. ತಾಮ್ರ, ನಿಕ್ಕಲ್, ಸತು ಸೇರಿದ್ದು. ಮುಂಚೆ ಹಿತ್ತಾಳೆ ಹಳಿ ಬರ್ತಿತ್ತು, ಹಿತ್ತಾಳೆ ಬೇಗ ಕಪ್ಪಾಗುತ್ತೆ, ಆ ಕಪ್ಪು ಕರೆಂಟು ಬಿಡಲ್ಲ. ಜರ್ಮನ್ ಸಿಲ್ವರ್ ನಿಧಾನಕ್ಕೆ ಕಪ್ಪಾಗುತ್ತೆ, ಅದಕ್ಕೆ ಇದೇ ಎಲ್ಲಾ ಕಡೆ ಬಂತು. ಹಂಗಂತ ಹುಣಸೆಹಣ್ಣು ಹಾಕಿ ತಿಕ್ಕಬಾರ್ದು. ಹುಳಿ ಹಳಿ ಸಂದೀಲಿ, ವೈರಿನ ಬೆಸುಗೇಲಿ ಇಳಿದು ತಿಂದುಹಾಕುತ್ತೆ. ಉಪ್ಪು ಕಾಗದದಲ್ಲಿ ಉಜ್ಜಬಾರ್ದು, ಗೀರು ಬಿದ್ರೆ ಗೀರಲ್ಲೇ ಕೊಳೆ ಕೂರುತ್ತೆ. ಪಾತ್ರೆ ತಿಕ್ಕೋ ಸ್ಟೀಲ್ ಜುಂಗಂತೂ ಹತ್ತಿರಾನೂ ತರಬಾರ್ದು. ಮೋಟಾರಲ್ಲಿ ಅಯಸ್ಕಾಂತ ಐತೆ, ಕಬ್ಬಿಣದ ಕೂದಲೆಳೆ ಒಳಕ್ಕೆ ಎಳ್ಕೊಂಡು ಸುಟ್ಟುಹೋಗುತ್ತೆ.

ನಾವು ಮಾಡೋದು ಹಿಂಗೆ. ಹಳೇ ವಾಯಿಲ್ ಸೀರೆ ತುಂಡು, ನಾರು ಬಿಡದಿರೋದು, ಬೆರಳಿಗೆ ಸುತ್ಕೊಂಡು ಮೆಡಿಕಲ್ ಅಂಗಡಿಯ ಐಸೋಪ್ರೊಪೈಲ್ ಆಲ್ಕೋಹಾಲ್ ನಾಲ್ಕು ಹನಿ ಹಾಕಿ ಹಳಿ ಮೇಲೆ ಎಳೆಯೋದು. ಬಟ್ಟೆ ಕಪ್ಪಾಗುತ್ತೆ, ಜಾಗ ಬದಲಾಯಿಸಿ ಮತ್ತೆ ಎಳೆಯೋದು. ಕಿಟಕಿ ತೆಗೆದಿರ್ಬೇಕು, ದೀಪ ಊದುಬತ್ತಿ ರೂಮಲ್ಲಿ ಇರಬಾರ್ದು, ಅದು ಬೆಂಕಿ ಹತ್ತೋ ವಸ್ತು. ಇಂಜಿನ್ ಚಕ್ರಕ್ಕೆ ಒಂದು ಉಪಾಯ ಐತೆ. ಅದೇ ಒದ್ದೆ ಬಟ್ಟೆನ ಹಳಿ ಮೇಲೆ ಅಡ್ಡ ಹಾಕಿ, ಒಂದು ಕಡೆ ಚಕ್ರ ಬಟ್ಟೆ ಮೇಲೆ, ಇನ್ನೊಂದು ಕಡೆ ಚಕ್ರ ಹಳಿ ಮೇಲೆ ಇಟ್ಟು, ಇಂಜಿನ್ ಹಿಡ್ಕೊಂಡು ಕರೆಂಟು ಬಿಟ್ರೆ ಚಕ್ರ ತಾನೇ ತಿರುಗಿ ಉಜ್ಜಿಕೊಳ್ಳುತ್ತೆ. ಆಮೇಲೆ ಗಾಡಿ ತಿರುಗಿಸಿ ಇನ್ನೊಂದು ಕಡೆ. ಎಣ್ಣೆ ಅಂದ್ರೆ ಹೊಲಿಗೆ ಮಿಷನ್ ಎಣ್ಣೆ, ಅದೂ ಸೂಜಿ ಮೊನೇಲಿ ಅಂಟಿದಷ್ಟು. ಸೊಪ್ಪಿನ ಸಾರಿಗೆ ಒಗ್ಗರಣೆ ಅಲ್ಲ, ಜಾಸ್ತಿ ಹಾಕಿದ್ರೆ ಹಳಿಗೆ ಇಳಿದು ಮತ್ತೆ ಧೂಳು ಹಿಡಿಯುತ್ತೆ.

ಬೇಸಿಗೇಲಿ ಬೇರೆ ಕಾಟ. ಮಹಡಿ ರೂಮು ಕಾಯುತ್ತೆ, ಹಳಿ ಉದ್ದ ಆಗುತ್ತೆ. ಎರಡು ಹಳಿ ಸೇರೋ ಕಡೆ ಪೋಸ್ಟ್ ಕಾರ್ಡಿನಷ್ಟು ಸಂದು ಬಿಡದಿದ್ರೆ ಹಳಿ ಹಾವಿನ ಹಂಗೆ ಸೊಟ್ಟ ಆಗುತ್ತೆ. ನಿಜವಾದ ರೈಲಿನ ಹಳೇ ಹಳೀಲಿ ಟಕಟಕ ಸದ್ದು ಬರ್ತಿತ್ತಲ್ಲ, ಅದು ಇದೇ ಸಂದಿನ ಸದ್ದು. ಮಳೆಗಾಲದಲ್ಲಿ ಪ್ಲೈವುಡ್ ತೇವ ಹೀರಿ ಉಬ್ಬುತ್ತೆ, ಮಟ್ಟ ತಪ್ಪುತ್ತೆ. ದಾರಿ ಕವಲಾಗೋ ಕಡೆ ಚೂಪಾದ ಹಳಿ ಅತ್ಲಾಗೆ ಇತ್ಲಾಗೆ ಜರುಗ್ಬೇಕು, ಅಲ್ಲಿ ಒಂದು ಕೂದಲು ಸಿಕ್ಕಿದ್ರೂ ಗಾಡಿ ತಪ್ಪುತ್ತೆ. ನಮ್ಮನೆ ಹೆಂಗಸ್ರ ಉದ್ದ ಕೂದಲೇ ಹೆಚ್ಚು ಸಿಗೋದು, ಅದಕ್ಕೆ ಜಡೆ ಕಟ್ಕೊಂಡೇ ಮೇಲಕ್ಕೆ ಹೋಗೋದು ಅಂತ ಕಾನೂನು ಮಾಡಿದ್ದೀವಿ. ಹಲ್ಲಿ ಇನ್ನೊಂದು. ಪ್ರತಿ ದಿನ ಬೆಳಗ್ಗೆ ಸ್ಟೇಷನ್ ಮೇಲೆ ಅದರ ಗುರುತು ಇದ್ದೇ ಇರುತ್ತೆ.

ಮಾವನೋರು ಒಂದು ನೋಟ್ ಬುಕ್ ಇಟ್ಟಿದ್ರು. ಯಾವ ದಿನ ಹಳಿ ಒರೆಸಿದ್ದು, ಯಾವ ಕಡೆ ಬೆಸುಗೆ ಬಿಟ್ಟಿದ್ದು, ಎಷ್ಟು ಸುತ್ತು ಓಡಿದ್ದು, ಎಲ್ಲಾ ಬರೆದಿದ್ದಾರೆ. ಅವ್ರು ಹೋದ ಮೇಲೆ ಆ ಪುಸ್ತಕದ ಅಕ್ಷರ ಬದಲಾಯ್ತು. ಈಗ ನಂದೂ ಅತ್ತೆದೂ. ಅತ್ತೆ ಬರೆಯೋದು ಕಮ್ಮಿ, ಒಂದೇ ಸಾಲು: "ಇವತ್ತು ಕೋಲಾರಕ್ಕೆ ಹೋಗಿ ಬಂದೆ." ಆ ಪುಸ್ತಕ ಓದ್ತಾ ಓದ್ತಾ ನನಗೆ ಹೊಳೆದದ್ದು ಇಷ್ಟೇ. ನಿಜವಾದ ಸಣ್ಣ ರೈಲು ಅಷ್ಟು ವರ್ಷ ಓಡಿದ್ದು ಇಂಜಿನ್ನಿನ ಬಲದಿಂದ ಮಾತ್ರ ಅಲ್ಲ. ಸುತ್ತಿಗೆ ಹಿಡ್ಕೊಂಡು ಹಳಿ ಉದ್ದಕ್ಕೂ ನಡೆದು, ಸಡಿಲಾದ ಮೊಳೆ ಬಡಿದು, ಕಲ್ಲು ತುಂಬಿ, ಹುಲ್ಲು ಕಿತ್ತ ಗ್ಯಾಂಗ್ ಆಳುಗಳಿಂದ. ಅವರ ಹೆಸರು ಯಾವ ಶಿಲೆ ಮೇಲೂ ಇಲ್ಲ. ರೈಲು ತಂದ ದಿವಾನರು ನೆನಪಿರ್ತಾರೆ, ರೈಲು ಕಟ್ಟಿದ ಮಾವನೋರು ನೆನಪಿರ್ತಾರೆ. ದಿನಾ ಒರೆಸಿದೋರು ನೆನಪಿರಲ್ಲ. ಮನೆ ನಡೆಸೋ ನಮಗೆ ಇದು ಹೊಸ ಪಾಠ ಏನಲ್ಲ ಬಿಡಿ.

ಒಂದು ತಿಂಗಳು ಓಡಿಸ್ದೇ ಇದ್ರೆ ಆ ಹಲಗೆ ಬರೀ ಗೊಂಬೆ ಆಗುತ್ತೆ. ವರ್ಷ ಬಿಟ್ರೆ ಗುಜರಿ. ಹಂಗಾಗಿ "ಹಾಗೇ ಇಟ್ಟಿರ್ತೀವಿ" ಅನ್ನೋದು ಇದಕ್ಕೆ ನಡೆಯಲ್ಲ. ಓಡಿಸ್ಬೇಕು, ಇಲ್ಲಾ ಎತ್ತಬೇಕು, ಎರಡೇ ದಾರಿ. ಈ ಯುಗಾದಿ ಹೊತ್ಗೆ ತೀರ್ಮಾನ ಮಾಡ್ಬೇಕು ಅಂತ ಮನೇಲಿ ಮಾತಾಗಿತ್ತು. ಯಜಮಾನರು ಎತ್ತೋಣ ಅಂದ್ರು, ಅವರ ಮಾತಲ್ಲೂ ಅರ್ಥ ಐತೆ, ಮಗಳಿಗೆ ಹತ್ತನೇ ಕ್ಲಾಸು ಬರ್ತಿದೆ, ಕೂತು ಓದೋಕೆ ಜಾಗ ಬೇಕು. ಮಗಳನ್ನೇ ಕೇಳಿದ್ವಿ. ಅವಳು ಹಲಗೆಗೆ ಕೀಲು ಹಾಕಿಸಿ ಗೋಡೆಗೆ ಮಡಚೋ ಹಂಗೆ ಮಾಡಿ, ಕೆಳಗೆ ನನ್ನ ಟೇಬಲ್ ಹಾಕಿ, ಶನಿವಾರ ಇಳಿಸಿ ಓಡಿಸೋಣ ಅಂದ್ಲು. ಮಡಚಬೇಕು ಅಂದ್ರೆ ಹಲಗೆ ಹಗುರ ಆಗ್ಬೇಕು, ಬೆಟ್ಟ ಒಂದನ್ನ ತೆಗೀಬೇಕು, ಸ್ಟೇಷನ್ನುಗಳನ್ನ ಕಳಚಿ ಡಬ್ಬೀಲಿ ಇಡೋ ಹಂಗೆ ಮಾಡ್ಬೇಕು. ಬಡಗಿಗೆ ಹೇಳಿದ್ದೀವಿ. ಬೆಟ್ಟ ತೆಗೆಯೋಕೆ ಅತ್ತೆ ಮೊದಲು ಒಪ್ಪಲಿಲ್ಲ, ಆಮೇಲೆ "ಬೆಟ್ಟ ಎಲ್ಲಿಗೂ ಹೋಗಲ್ಲ, ಹೊರಗೆ ಐತೆ, ರೈಲೇ ಇಲ್ಲದಿರೋದು" ಅಂತ ಒಪ್ಕೊಂಡ್ರು.

ಇನ್ನೊಂದು ಕೆಲಸ ಬಾಕಿ ಐತೆ, ಅದು ನಿಮ್ಮಿಂದಲೇ ಆಗ್ಬೇಕು. ಮಾವನೋರು ಬಂಗಾರಪೇಟೆ, ಕೋಲಾರ, ಶ್ರೀನಿವಾಸಪುರ ಮುಗಿಸಿದ್ರು. ದಳಸನೂರು ಅರ್ಧಕ್ಕೆ ನಿಂತಿದೆ, ಚಿಂತಾಮಣಿ ಶಿಡ್ಲಘಟ್ಟ ಬರೀ ಪೆನ್ಸಿಲ್ ಗೆರೆ. ಅತ್ತೆಗೆ ದಳಸನೂರಲ್ಲಿ ಹುಣಸೆಮರ ಇದ್ದಿದ್ದು ನೆನಪೈತೆ, ಟಿಕೆಟ್ ಕಿಟಕಿ ಯಾವ ಕಡೆ ಅಂತ ಒಂದೊಂದು ದಿನ ಒಂದೊಂದು ಹೇಳ್ತಾರೆ. ಅವರಿಗೀಗ ಎಪ್ಪತ್ತೆಂಟು. ಆ ರೈಲಲ್ಲಿ ತವರಿಗೆ ಹೋಗಿ ಬಂದೋರು ನಿಮ್ಮ ಮನೇಲಿ ಇದ್ರೆ, ಅಮ್ಮನೋ ಅಜ್ಜಿನೋ ದೊಡ್ಡಮ್ಮನೋ, ಈ ತಿಂಗಳಲ್ಲೇ ಕೂತು ಕೇಳಿ ಬರ್ಕೊಳ್ಳಿ. ನೀರಿನ ತೊಟ್ಟಿ ಎಲ್ಲಿತ್ತು, ಬೆಂಚು ಕಲ್ಲಿಂದೋ ಮರದ್ದೋ, ಡಬ್ಬಿ ಬಣ್ಣ ಏನು, ಕಡಲೆಕಾಯಿ ಮಾರೋನು ಎಲ್ಲಿ ಕೂರ್ತಿದ್ದ. ಹಳೇ ಮದುವೆ ಫೋಟೋದಲ್ಲಿ ಹಿಂದೆ ಸ್ಟೇಷನ್ ಬಿದ್ದಿದ್ರೆ ಇನ್ನೂ ಒಳ್ಳೇದು. ಶನಿವಾರ ಐದು ಗಂಟೆ ಮೇಲೆ ಯಾವಾಗ ಬೇಕಾದ್ರೂ ಬನ್ನಿ, ರೈಲು ಓಡ್ತಿರುತ್ತೆ. ಅವರೆಕಾಯಿ ಕಾಲ ಆದ್ರೆ ಒಂದು ಮೊರ ನಿಮ್ಮ ಕೈಗೂ ಕೊಡ್ತೀವಿ.